ಪಂಚಮಿಗೆ ಕರೆಯಲು ಬಂದ ಅರ್ಲ್

ನನ್ನದು ಹಳೆಯ ಅಂಗಡಿ ಸಾಮಾನಿನ ವ್ಯಾಪಾರ. ಬಾಗಿಲು ಮುಚ್ಚುವ ಅಂಗಡಿಯಿಂದ ಕಪಾಟು, ಗಾಜಿನ ಪೆಟ್ಟಿಗೆ, ಬಟ್ಟೆ ತೂಗುಹಾಕುವ ಉಕ್ಕಿನ ಸ್ಟ್ಯಾಂಡು, ಕೌಂಟರು ಎತ್ತಿಕೊಂಡು ಬಂದು ಬಾಗಿಲು ತೆರೆಯುವ ಅಂಗಡಿಗೆ ಮಾರುತ್ತೇನೆ. ಬರ್ಮಿಂಗ್‌ಹ್ಯಾಮ್‌ನಿಂದ ಲೀಡ್ಸ್‌ವರೆಗೆ ಎಲ್ಲಿ ಯಾವ ಅಂಗಡಿ ಕೊನೆಯುಸಿರು ಎಳೆಯುತ್ತಿದೆ ಎಂಬುದು ಎಷ್ಟೋ ಸಲ ಅದರ ಮಾಲೀಕನಿಗಿಂತ ಮೊದಲು ನನಗೆ ತಿಳಿಯುತ್ತದೆ. ಈ ದೇಶಕ್ಕೆ ಬಂದಾಗ ನನ್ನ ಬಳಿ ಇದ್ದದ್ದು ಧಾರವಾಡದ ಮಾತು ಮತ್ತು ಒಂದು ಗಟ್ಟಿ ಬೆನ್ನು. ಬೆನ್ನು ಈಗ ಸ್ವಲ್ಪ ಸವೆದಿದೆ.

ಚೌಕಾಶಿಯ ಬಗ್ಗೆ ಯಾರು ಕೇಳಿದರೂ, ಕೇಳದಿದ್ದರೂ ನಾನು ಒಂದು ಮಾತು ಹೇಳುತ್ತೇನೆ: ಬೆಲೆ ಹೇಳಿದ ಮೇಲೆ ಸುಮ್ಮನಿರಿ. ಎದುರಿನವರು ಆ ಮೌನವನ್ನು ತಡೆಯಲಾರದೆ ಏನಾದರೂ ಹೇಳುತ್ತಾರೆ, ಅಲ್ಲಿಂದ ನಿಮ್ಮ ಕೆಲಸ ಸುಲಭ. ಈ ಉಪಾಯ ಸೋತದ್ದು ಒಂದೇ ಸಲ, ಲೆಸ್ಟರ್ ಕಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿಯವರು ಹಳೆಯ ಶಾಲೆಯ ಕೋಣೆಯೊಂದನ್ನು ತಮ್ಮ ಊರಿನ ಮ್ಯೂಸಿಯಂ ಮಾಡಿಕೊಂಡಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಇತಿಹಾಸ ಪಾಠ ಹೇಳಿ ನಿವೃತ್ತರಾದ ಒಬ್ಬ ಟೀಚರಮ್ಮ. ಅವರಿಗೆ ಗಾಜಿನ ಪೆಟ್ಟಿಗೆಗಳು ಬೇಕಾಗಿದ್ದವು. ನಾನು ಬೆಲೆ ಹೇಳಿ ಸುಮ್ಮನಾದೆ. ಅವರೂ ಸುಮ್ಮನಾದರು. ಜೀವನವಿಡೀ ತರಗತಿಯ ಮುಂದೆ ಸುಮ್ಮನೆ ನಿಂತು ಮಕ್ಕಳನ್ನು ಹೆದರಿಸಿದವರು. ಅವರೆದುರು ನನ್ನ ಮೌನ ಏನು ಮಾಡೀತು? ಕೊನೆಗೆ ಟೀ ಕಪ್ಪು ಕೆಳಗಿಟ್ಟು ಹೇಳಿದರು: "ಈ ಸೀಮೆಯಲ್ಲಿ ನಿಮಗಿಂತ ದೊಡ್ಡ ಚೌಕಾಶಿಗಾರ ಒಬ್ಬ ಇದ್ದ. ಅವನ ಕತೆ ಹೇಳುತ್ತೇನೆ, ಕೇಳಿಸಿಕೊಂಡು ಆಮೇಲೆ ಬೆಲೆ ಹೇಳಿ."

ಎಂಟುನೂರು ವರ್ಷಕ್ಕೂ ಹಿಂದಿನ ಮಾತು. ಸತ್ತ ರಾಜನ ಮಗಳು ಸಿಂಹಾಸನ ನನ್ನದು ಎನ್ನುತ್ತಿದ್ದಳು. ಅವಳ ಹತ್ತಿರದ ನೆಂಟನೊಬ್ಬ ಆಗಲೇ ಅದರ ಮೇಲೆ ಕುಳಿತುಬಿಟ್ಟಿದ್ದ. ದೇಶ ಎರಡು ಹೋಳಾಗಿ ವರ್ಷಗಟ್ಟಲೆ ಬಡಿದಾಡಿತು. ನಡುವೆ ಸಿಕ್ಕಿದವರು ಅರ್ಲ್‌ಗಳು. ಅರ್ಲ್ ಎಂದರೆ ನಮ್ಮ ಕಡೆಯ ದೇಸಾಯರಿಗಿಂತ ಒಂದು ಕೈ ಮೇಲು, ರಾಜನಿಗಿಂತ ಒಂದು ಕೈ ಕೆಳಗೆ. ಟೀಚರಮ್ಮ ಹೇಳಿದ ಅರ್ಲ್‌ನದು ವಾಯವ್ಯದ ಸೀಮೆ. ಇವತ್ತು ಸ್ಟಾಕ್‌ಪೋರ್ಟ್ ಇರುವ ಕಡೆಯೆಲ್ಲ ಅವನ ಕೈಕೆಳಗೆ ಇತ್ತಂತೆ. ಒಮ್ಮೆ ರಾಜನ ಕಡೆ, ಒಮ್ಮೆ ರಾಜಕುಮಾರಿಯ ಕಡೆ. ಪುಸ್ತಕ ಬರೆದವರು ಅವನನ್ನು ನಂಬಿಕೆಗೆ ಅರ್ಹನಲ್ಲ ಎಂದಿದ್ದಾರಂತೆ. ನನಗೆ ಹಾಗೆ ಅನ್ನಿಸಲಿಲ್ಲ. ಎರಡು ದೊಡ್ಡ ಗಿರಾಕಿಗಳ ನಡುವೆ ಸಿಕ್ಕಿದ ಸಣ್ಣ ವ್ಯಾಪಾರಿ ಇನ್ನೇನು ಮಾಡುತ್ತಾನೆ? ಅಪ್ಪನ ಕಾಲದ ಜಮೀನನ್ನು ರಾಜ ಎತ್ತಿ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ, ಅವನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಅವನಿಗೆ ಲಿಂಕನ್ ಕೋಟೆ ಬೇಕಾಗಿತ್ತು. ಅದು ರಾಜನ ಕೋಟೆ. ದಂಡು ತೆಗೆದುಕೊಂಡು ಹೋದರೆ ಬಾಗಿಲು ಹಾಕುತ್ತಾರೆ. ಹಾಗಾಗಿ ಮೊದಲು ತನ್ನ ಹೆಂಡತಿಯನ್ನೂ ತನ್ನ ಮಲಸಹೋದರನ ಹೆಂಡತಿಯನ್ನೂ ಕೋಟೆ ಕಾಯುವವನ ಹೆಂಡತಿಯ ಹತ್ತಿರ ಮಾತಾಡಿಕೊಂಡು ಬರಲು ಕಳಿಸಿದ. ಹೆಂಗಸರು ಒಳಗೆ ಕುಳಿತು ನಗುತ್ತ ಹರಟುತ್ತ ಇದ್ದಾಗ ಈ ಪುಣ್ಯಾತ್ಮ ಮೇಲಂಗಿ ಇಲ್ಲದೆ, ಆಯುಧ ಇಲ್ಲದೆ, ಎರಡು ಮೂರು ಜನರ ಜೊತೆ ಕೋಟೆಯ ಬಾಗಿಲಿಗೆ ಬಂದ. ಯಾಕೆ ಬಂದಿರಿ ಎಂದರೆ, ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಲು. ಹೆಂಡತಿಯನ್ನು ಕರೆಯಲು ಬಂದ ಗಂಡನಿಗೆ ಯಾರು ಬಾಗಿಲು ಹಾಕುತ್ತಾರೆ? ಒಳಗೆ ಹೋದವನೇ ಅಲ್ಲಿ ಬಿದ್ದಿದ್ದ ಆಯುಧ, ಕಬ್ಬಿಣದ ಸರಳು, ಸಿಕ್ಕಿದ್ದನ್ನು ಎತ್ತಿಕೊಂಡು ಕಾವಲಿನವರನ್ನು ಹೊರಗೆ ದಬ್ಬಿ ಕೋಟೆ ತನ್ನದು ಮಾಡಿಕೊಂಡ.

ನಾನು ಎಷ್ಟು ನಕ್ಕೆ ಎಂದರೆ ಗಾಜಿನ ಪೆಟ್ಟಿಗೆಗಳ ಬೆಲೆ ಅಲ್ಲೇ ಇಳಿಯಿತು. ಟೀಚರಮ್ಮ ಶಾಂತವಾಗಿ ಇನ್ನೊಂದು ಕಪ್ ಟೀ ಹಾಕಿಕೊಟ್ಟರು. ಅಂದಿನಿಂದ ಆ ಕಡೆ ವ್ಯಾನು ಹೋದಾಗಲೆಲ್ಲ ನಾನು ಅಲ್ಲಿ ನಿಲ್ಲುತ್ತೇನೆ. ನನಗೆ ಈ ದೇಶದಲ್ಲಿ ಬೇಕಾದಷ್ಟು ಪರಿಚಯದವರಿದ್ದಾರೆ. ಆದರೆ ಇಲ್ಲಿಯ ಮಣ್ಣಿನವನು, ನನ್ನ ಬುದ್ಧಿಯವನು ಎಂದು ಅನ್ನಿಸಿದ ಮೊದಲನೆಯವನು ಈ ಅರ್ಲ್.

ಈಗ ನನ್ನಾಕೆಯ ತವರಿನ ಬಗ್ಗೆ ಹೇಳಬೇಕು. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ಅವಳ ಪಾಲಿಗೆ ತವರು ಎಂದರೆ ಸ್ಟಾಕ್‌ಪೋರ್ಟ್. ಅಲ್ಲಿ ಅವಳ ತಮ್ಮ ಇದ್ದಾನೆ. ದಿನಾ ರೈಲಿನಲ್ಲಿ ಕೆಲಸಕ್ಕೆ ಓಡಾಡುವ ಇಂಜಿನಿಯರ್, ಒಳ್ಳೆಯ ಹುಡುಗ. ಹುಡುಗ ಎಂದರೆ ತಲೆ ಅರ್ಧ ಬೆಳ್ಳಗಾಗಿದೆ, ಆದರೂ ನನಗೆ ಹುಡುಗನೇ. ನಾವಿರುವುದು ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ. ನಡುವೆ ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳು. ಅವನು ಈ ದೇಶಕ್ಕೆ ಬಂದ ವರ್ಷದಿಂದ ಪ್ರತಿ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲು ಬೀಸ್ಟನ್‌ಗೆ ಬರುತ್ತಾನೆ. ಹಬ್ಬ ವಾರದ ನಡುವೆ ಬಿದ್ದರೆ ನಮ್ಮ ಪಂಚಮಿ ಶನಿವಾರಕ್ಕೆ ಸರಿಯುತ್ತದೆ. ಸಾಕಷ್ಟು ಹಾಲೆರೆದರೆ ನಾಗಪ್ಪ ತನ್ನ ಡ್ಯೂಟಿಯ ಪಾಳಿ ಬದಲಾಯಿಸಿಕೊಳ್ಳುತ್ತಾನೆ ಎಂದು ನನ್ನಾಕೆಯ ನಂಬಿಕೆ.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವುದಿಲ್ಲ. ತವರಿನವರು ಬಂದು ಕರೆಯಬೇಕು. ನನ್ನಾಕೆ ನನ್ನ ವ್ಯಾನು ಓಡಿಸುತ್ತಾಳೆ, ಬರ್ಮಿಂಗ್‌ಹ್ಯಾಮ್‌ನ ಕಿರಿದಾದ ಹಿತ್ತಿಲ ಬೀದಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸುತ್ತಾಳೆ, ಲೀಡ್ಸ್‌ಗೆ ಒಬ್ಬಳೇ ಹೋಗಿ ಕಪಾಟು ಇಳಿಸಿ ಬರುತ್ತಾಳೆ. ಆದರೆ ಆ ಒಂದು ದಿನ ರೇಷ್ಮೆ ಸೀರೆ ಉಟ್ಟು, ಚೀಲ ತುಂಬಿಟ್ಟುಕೊಂಡು, ಮುಂಬಾಗಿಲ ಕಿಟಕಿಯ ಹತ್ತಿರ ಕುಳಿತು ಕಾಯುತ್ತಾಳೆ. ಕಾರಿನ ಸದ್ದು ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಾಳೆ, ಕಾಯುತ್ತಿರಲಿಲ್ಲ ಎಂಬಂತೆ. ಸ್ಟಾಕ್‌ಪೋರ್ಟ್‌ನ ಹಿತ್ತಿಲಲ್ಲಿ ಜೋಕಾಲಿ ಕಟ್ಟುತ್ತಾರೆ. ಮರ ಸಣ್ಣದು, ತಡೆಯುವುದಿಲ್ಲ. ಹಾಗಾಗಿ ಮುಚ್ಚಿಹೋದ ಒಂದು ಬಟ್ಟೆ ಅಂಗಡಿಯ ಉಕ್ಕಿನ ಸ್ಟ್ಯಾಂಡುಗಳನ್ನು ಬೆಸೆದು ನಾನೇ ಚೌಕಟ್ಟು ಮಾಡಿಕೊಟ್ಟಿದ್ದೇನೆ. ಒಮ್ಮೆ ಕೋಟುಗಳನ್ನು ಹೊತ್ತ ಕಬ್ಬಿಣ ಈಗ ನನ್ನಾಕೆಯನ್ನು ಹೊರುತ್ತದೆ.

ಅರ್ಲ್‌ನ ಕತೆ ಕೇಳಿದ ವರ್ಷ ಪಂಚಮಿ ಊಟಕ್ಕೆ ಅಲ್ಲಿ ಬಹಳ ಜನ ಸೇರಿದ್ದರು. ಸಾಲ್ಫರ್ಡ್‌ನ ಫ್ಲ್ಯಾಟಿನಲ್ಲಿರುವ ಐಟಿ ಹುಡುಗರು, ಬೀಸ್ಟನ್‌ನಿಂದ ನನ್ನ ಜೊತೆ ಹಿಂದಿನಿಂದ ಬಂದ ವಿದ್ಯಾರ್ಥಿಗಳು, ಎರಡು ಮೂರು ಡಾಕ್ಟರ್ ಕುಟುಂಬ. ನಾನು ಕತೆಯನ್ನು ಅಭಿನಯಿಸಿಯೇ ತೋರಿಸಿದೆ, ಕೋಟು ಬಿಚ್ಚಿ ಎಸೆದು, ಚಮಚ ಎತ್ತಿಕೊಂಡು. ಭಾವಮೈದುನ ನಕ್ಕು ನಕ್ಕು ಕೆಮ್ಮಿದ.

"ಮಾಮಾ, ಹಂಗಾರ ನಾ ಪ್ರತಿ ವರ್ಷ ಬೀಸ್ಟನ್‌ಗೆ ಬರೂದು ಅಕ್ಕನ್ನ ಕರಿಯಾಕಲ್ಲ, ನಿಮ್ಮ ಕೋಟಿ ಹೊಡ್ಯಾಕ ಅಂತ ತಿಳೀರಿ!"

"ನನ್ನ ಕೋಟ್ಯಾಗ ಏನೈತಿ? ಮುರಕ ಕಪಾಟ. ಬೇಕಾರ ಅಕ್ಕನ್ ಜೋಡಿ ಅವನ್ನೂ ಒಯ್ಯಿ."

ಅಂದಿನಿಂದ ಅವನ ಹೆಸರು ಅರ್ಲ್ ಸಾಹೇಬ್ರು ಎಂದಾಯಿತು.

ಆದರೆ ನನ್ನ ಕೋಟೆಯಲ್ಲಿ ಕಪಾಟು ಮಾತ್ರ ಇರಲಿಲ್ಲ. ನಮ್ಮ ಕನ್ನಡ ಸಂಘದ ಸಾಮಾನೆಲ್ಲ ನನ್ನ ಗ್ಯಾರೇಜಿನಲ್ಲಿತ್ತು: ಇಡೀ ಸಂಘಕ್ಕೆ ಸಾರು ಮಾಡುವ ದೊಡ್ಡ ತಾಮ್ರದ ಹಂಡೆ, ಗ್ಯಾಸ್ ಒಲೆಗಳು, ರೊಟ್ಟಿ ಹೆಂಚುಗಳು, ಮೈಕು, ದೀಪದ ಕಂಬ. ಆ ಚಳಿಗಾಲದಲ್ಲಿ ಸಂಘ ಒಡೆಯಿತು. ಒಡೆದದ್ದು ದೊಡ್ಡ ವಿಷಯಕ್ಕಲ್ಲ. ವರ್ಷದ ದೊಡ್ಡ ಕಾರ್ಯಕ್ರಮ ನಾಟಿಂಗ್‌ಹ್ಯಾಮ್ ಕಡೆಯ ಹಾಲ್‌ನಲ್ಲಿ ಆಗಬೇಕೋ, ಉತ್ತರದ ಸಾಲ್ಫರ್ಡ್‌ನಲ್ಲಿ ಆಗಬೇಕೋ ಎಂದು ಪೋಸ್ಟ್‌ಕೋಡ್ ಹಿಡಿದುಕೊಂಡು ಜಗಳ. ಅಷ್ಟು ವರ್ಷ ಸಂಘದಲ್ಲಿ ಎಲ್ಲರೂ ನಯವಾದ ಬೆಂಗಳೂರು ಕನ್ನಡ ಮಾತಾಡಿಕೊಂಡಿದ್ದೆವು. ಆ ಸಭೆಯಲ್ಲಿ ದನಿ ಏರುತ್ತ ಹೋದಂತೆ ಯಾರು ಕುಂದಾಪುರದವರು, ಯಾರು ಬಾಗಲಕೋಟೆಯವರು ಎಂಬುದು ಮೊದಲ ಬಾರಿಗೆ ಸರಿಯಾಗಿ ತಿಳಿಯಿತು. ಕೊನೆಗೆ ಒಂದು ಸಂಘ ಎರಡಾಯಿತು. ಭಾವಮೈದುನನನ್ನು ಉತ್ತರದವರು ಕಾರ್ಯದರ್ಶಿ ಮಾಡಿದರು. ನನ್ನನ್ನು ಈ ಕಡೆಯವರು ಏನೂ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ, ಹಂಡೆ ನನ್ನ ಹತ್ತಿರ ಇತ್ತು.

ಆ ಹಂಡೆಯೇ ರಾಜಮುದ್ರೆಯಾಯಿತು. ಯಾರ ಹತ್ತಿರ ಹಂಡೆ ಇದೆಯೋ ಅದೇ ನಿಜವಾದ ಸಂಘ ಎಂದು ಎರಡೂ ಕಡೆಯವರ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಕಡೆಯ ಅಧ್ಯಕ್ಷರು ಮೈಸೂರಿನವರು, ಮೃದು ಮಾತಿನವರು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಅವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಆರೋಗ್ಯ ವಿಚಾರಿಸುತ್ತಿದ್ದದ್ದು ಹಂಡೆಯದು.

"ಸಾರ್, ಗ್ಯಾರೇಜು ಲಾಕ್ ಇದೆ ತಾನೆ?"

"ಇದೆ ಸಾರ್. ಹಂಡೆ ಚೆನ್ನಾಗಿದೆ, ಊಟ ತಿಂಡಿ ಮಾಡ್ಕೊಂಡಿದೆ."

ಬೇಸಿಗೆ ಬಂತು. ಪಂಚಮಿ ಹತ್ತಿರವಾಯಿತು. ಪ್ರತಿ ವರ್ಷ ಇಷ್ಟು ಹೊತ್ತಿಗೆ ಭಾವಮೈದುನನ ಫೋನು ಬರುತ್ತಿತ್ತು: "ಅಕ್ಕಾ, ಶನಿವಾರ ಬರ್ತೇನಿ, ತಯಾರಾಗಿರು." ಈ ಸಲ ಬರಲಿಲ್ಲ. ನನ್ನಾಕೆ ಎಳ್ಳು ತಂದು ಹುರಿದಳು, ಶೇಂಗಾ ಹುರಿದು ಸಿಪ್ಪೆ ತೆಗೆದಳು, ಬೆಲ್ಲ ಕುಟ್ಟಿಟ್ಟಳು. ಅವಳು ಶೇಂಗಾ ಸಿಪ್ಪೆ ಊದುವ ರೀತಿಯಲ್ಲಿ ನನಗೆ ಎಲ್ಲ ತಿಳಿಯುತ್ತಿತ್ತು. ಮಗಳು ಲೀಡ್ಸ್‌ನಿಂದ ಫೋನಿನಲ್ಲಿ, ಅಮ್ಮ ನೀನೇ ಡ್ರೈವ್ ಮಾಡಿಕೊಂಡು ಹೋಗಬಾರದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಕರಿಯಾಕ ಬರದ ನಾ ಹೋಗಾಂಗಿಲ್ಲ. ಹೋದ್ರ ಅದು ವಿಸಿಟ್ ಆಕ್ಕೈತಿ, ಪಂಚಮಿ ಆಗಾಂಗಿಲ್ಲ," ಎಂದಳು ನನ್ನಾಕೆ.

ನಾನೇ ಭಾವಮೈದುನನಿಗೆ ಫೋನು ಮಾಡಿದೆ. ಅವನು ಬಹಳ ಹೊತ್ತು ಹವಾಮಾನ ಮಾತಾಡಿದ. ಆಮೇಲೆ ಹೊರಬಂತು.

"ಹೆಂಗ್ ಬರ್ಲಿ ಮಾಮಾ? ನೀವು ಆ ಅರ್ಲ್‌ನ ಕತಿ ಊರಿಗೆಲ್ಲಾ ಹೇಳಿಟ್ಟೀರಿ. ನಮ್ ಕಡ್ಯಾವ್ರು ದಿನಾ ಒಂದು ಮೆಸೇಜ್ ಹಾಕ್ತಾರ, 'ಅರ್ಲ್ ಸಾಹೇಬ್ರ, ಅಕ್ಕಾರನ್ ಕರಿಯಾಕ ಹೋದಾಗ ಹಂಡೆ ಮರೀಬ್ಯಾಡ್ರಿ' ಅಂತ. ನಿಮ್ ಕಡ್ಯಾವ್ರು ಏನ್ ಹಾಕ್ಯಾರ ಗೊತ್ತೈತೇನು? 'ಕೋಟು ಇಲ್ಲದವರು ಬಂದರೆ ಎಚ್ಚರ.'"

"ಅದು ಚ್ಯಾಷ್ಟಿ ಅಲ್ಲೇನೋ."

"ಚ್ಯಾಷ್ಟಿನ. ಆದ್ರ ನಾ ನಿಮ್ ಬಾಗ್ಲಿಗೆ ಬಂದು ನಿಂತಾಗ ನಾಕು ಮಂದಿ ಕಿಡಿಕ್ಯಾಗಿಂದ ನನ್ನ ಕೈ ನೋಡ್ತಾರಲ್ಲ ಮಾಮಾ, ಅದು ಚ್ಯಾಷ್ಟಿ ಅಲ್ಲ. ಅಕ್ಕನ್ನ ಕರಿಯಾಕ ಹೋಗಿ ಕಳ್ಳ ಅನಿಸ್ಕೊಳ್ಳಾಕ ನನ್ನಿಂದ ಆಗೂದಿಲ್ಲ. ನೀವ ಕರ್ಕೊಂಡು ಬರ್ರಿ."

ಗಂಡ ಕರೆದುಕೊಂಡು ಹೋದರೆ ಅದು ತವರಿನ ಕರೆ ಆಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇವನು ಬರುವುದಿಲ್ಲ, ಅವಳು ಹೋಗುವುದಿಲ್ಲ. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಕರೆಯುವುದು ಇನ್ನೂ ಕಷ್ಟ. ಮೂರನೆಯ ವರ್ಷಕ್ಕೆ ಜನ ಅವಳಿಗೆ ಒಂದು ಕಾಲಕ್ಕೆ ತವರು ಇತ್ತು ಎಂದು ಹೇಳಲು ಶುರು ಮಾಡುತ್ತಾರೆ. ಇಂಥ ಗಿರಾಕಿಗಳನ್ನು ನಾನು ಎಷ್ಟು ಕಳೆದುಕೊಂಡಿಲ್ಲ! ಜಗಳವಾಡಿ ಹೋದವರು ತಿರುಗಿ ಬರುತ್ತಾರೆ. ಸಂಕೋಚಪಟ್ಟು ದೂರವಾದವರು ಬರುವುದಿಲ್ಲ. ಬರೆದಿಟ್ಟುಕೊಳ್ಳಿ.

ಅದೇ ವಾರ ವ್ಯಾನು ಲೆಸ್ಟರ್ ಕಡೆ ಹೋಗಿತ್ತು. ಟೀಚರಮ್ಮನ ಮುಂದೆ ಎಲ್ಲ ಹೇಳಿಕೊಂಡೆ. ಅವರು ಹಂಡೆ ಎಷ್ಟು ದೊಡ್ಡದು ಎಂದು ಕೈಯಲ್ಲಿ ತೋರಿಸಲು ಹೇಳಿದರು. ತೋರಿಸಿದೆ. ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಶಾಲು ಹೊದ್ದು, "ಬನ್ನಿ, ನಿಮ್ಮ ಗೆಳೆಯನ ಕತೆ ಅರ್ಧ ಮಾತ್ರ ಕೇಳಿದ್ದೀರಿ," ಎಂದು ಊರಿನ ಹಿಂದಿನ ಕಲ್ಲುಗುಡ್ಡಕ್ಕೆ ಕರೆದುಕೊಂಡು ಹೋದರು. ಗುಡ್ಡದ ಮೇಲೆ ಹಿಂದೆ ಕೋಟೆ ಇತ್ತಂತೆ. ಈಗ ಹುಲ್ಲು, ನಾಯಿ ಆಡಿಸುವವರು, ಬೆಂಚು. ಬೆಂಚಿನ ಮೇಲೆ ಕುಳಿತು ಅವರು ಮಿಕ್ಕದ್ದನ್ನು ಹೇಳಿದರು.

ಲಿಂಕನ್ ಕೋಟೆ ಹೋಯಿತೆಂದು ಕೇಳಿ ರಾಜ ದಂಡು ಕಟ್ಟಿಕೊಂಡು ಬಂದು ಮುತ್ತಿದ. ಅರ್ಲ್ ಹೇಗೋ ನುಸುಳಿ ಹೊರಗೆ ಹೋದ. ಹೆಂಡತಿ ಒಳಗೇ ಉಳಿದಳು. ಅವನು ಹೋದದ್ದು ಅವಳ ತವರಿಗೆ. ಅವಳ ತಂದೆ ರಾಜಕುಮಾರಿಯ ಕಡೆಯ ದೊಡ್ಡ ಸರದಾರ. ಮಗಳು ಕೋಟೆಯಲ್ಲಿ ಸಿಕ್ಕಿದ್ದಾಳೆ ಎಂದು ಕೇಳಿದವನೇ ಅವನು ಚಳಿಗಾಲದಲ್ಲಿ, ಕೆಸರು ನೀರು ದಾಟಿಕೊಂಡು ದಂಡು ತಂದ. ಕಾದಾಟದಲ್ಲಿ ರಾಜನೇ ಸೆರೆಸಿಕ್ಕ. ಅಲ್ಲಿಗೂ ಯುದ್ಧ ಮುಗಿಯಲಿಲ್ಲ. ಮತ್ತೆ ವರ್ಷಗಳು ಹೋದವು. ನಮ್ಮ ಅರ್ಲ್ ಅತ್ತ ಹೋದ, ಇತ್ತ ಬಂದ, ಒಮ್ಮೆ ತಾನೂ ಸೆರೆಮನೆ ಕಂಡ. ಕೊನೆಗೆ ಲೆಸ್ಟರ್ ಕಡೆಯ ಅರ್ಲ್ ಮತ್ತು ಇವನು, ಎದುರು ಬದುರು ಪಕ್ಷದವರು, ಕುಳಿತು ಒಂದು ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದಲ್ಲಿ ನಾವು ಕುಳಿತಿದ್ದ ಈ ಗುಡ್ಡದ ಕೋಟೆಯ ಮಾತೂ ಇತ್ತಂತೆ.

"ಯುದ್ಧ ಬಿಡುತ್ತೇವೆ ಎಂದು ಅವರು ಹೇಳಲಿಲ್ಲ," ಎಂದರು ಟೀಚರಮ್ಮ. "ಅದು ಅವರ ಕೈಯಲ್ಲಿರಲಿಲ್ಲ. ಮೇಲಿನವರು ಬಲವಂತ ಮಾಡಿದರೆ ಪರಸ್ಪರ ಮೇಲೇರಿ ಹೋಗಲೇಬೇಕು. ಆದರೆ ಹೋಗುವುದಾದರೆ ಇಪ್ಪತ್ತಕ್ಕಿಂತ ಹೆಚ್ಚು ಸವಾರರನ್ನು ಕರೆದುಕೊಂಡು ಹೋಗುವುದಿಲ್ಲ. ಆ ಇಪ್ಪತ್ತು ಜನ ಏನನ್ನಾದರೂ ದೋಚಿದರೆ ಎಲ್ಲವನ್ನೂ ತಿರುಗಿ ಕೊಡಬೇಕು. ಮುಂಚೆ ತಿಳಿಸದೆ ಮೇಲೆ ಬೀಳಬಾರದು. ನಂಬಿಕೆಗೆ ಇಬ್ಬರು ಬಿಷಪ್‌ಗಳ ಹತ್ತಿರ ಒತ್ತೆ."

ನಾನು ಬೆಂಚಿನಿಂದ ಎದ್ದು ನಿಂತೆ. ಮೂವತ್ತು ವರ್ಷ ವ್ಯಾಪಾರ ಮಾಡಿದ್ದೇನೆ, ಇಷ್ಟು ಚಂದದ ಒಪ್ಪಂದ ನೋಡಿಲ್ಲ. ಜಗಳ ನಿಲ್ಲಿಸಲು ಆಗದವರು ಜಗಳದ ಅಳತೆ ಕಡಿಮೆ ಮಾಡಿಕೊಂಡರು! ದೊಡ್ಡವರ ಮರ್ಯಾದೆಯೂ ಉಳಿಯಿತು, ತಮ್ಮ ಮನೆಯೂ ಉಳಿಯಿತು. ಎದುರಿನವನನ್ನು ಪೂರ್ತಿ ಸೋಲಿಸಿದ ವ್ಯಾಪಾರ ಒಂದೇ ಸಲ ಆಗುತ್ತದೆ ಎಂದು ನಾನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ. ಅವಳು ಓಕೆ ಡ್ಯಾಡ್ ಎನ್ನುತ್ತಾಳೆ.

ಮನೆಗೆ ಬಂದು ನನ್ನಾಕೆಗೆ ಕತೆ ಹೇಳಿದೆ. ಅವಳು ಇಪ್ಪತ್ತು ಸವಾರರ ಬಗ್ಗೆ ಕೇಳಲಿಲ್ಲ.

"ಆಕೀನ್ನ ಕೋಟ್ಯಾಗ ಬಿಟ್ಟು ತಾ ಓಡಿ ಹೋದ್ನೇನು?"

"ಓಡಿ ಹೋಗ್ಲಿಲ್ಲ. ಮಂದಿ ಕರ್ಕೊಂಡು ಬರಾಕ ಹೋದ."

"ಹೋದ ಅಂದ್ರ ಹೋದಂಗ." ಬೆಲ್ಲದ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. "ಆಕೀ ತವರಿನಾವ್ರು ಮಾತ್ರ ನೋಡ್ರಿ, ಕೆಸರಾಗ ಬಂದ್ರು, ದಂಡ ತಗೊಂಡು ಬಂದ್ರು. ನನ್ನ ತಮ್ಮಗ ಎಂ-ಒನ್ ಹೈವೇ ದಾಟಿ ಬರಾಕಾಗವಲ್ತು."

ಮರುದಿನ ಬೆಳಿಗ್ಗೆ ಭಾವಮೈದುನನಿಗೆ ಫೋನಿನಲ್ಲಿ ಹೇಳಿದೆ: ನೀನು ಬೀಸ್ಟನ್‌ಗೆ ಬರಬೇಡ, ನಾನು ಸ್ಟಾಕ್‌ಪೋರ್ಟ್‌ಗೆ ಬರುವುದಿಲ್ಲ, ನಡುದಾರಿಯಲ್ಲಿ ಬಕ್ಸ್ಟನ್‌ಗೆ ಬಾ. ಚೌಕಾಶಿ ಕಷ್ಟದ್ದಾದರೆ ಇಬ್ಬರದೂ ಅಲ್ಲದ ಜಾಗ ಆರಿಸಿ, ಮತ್ತು ಎದುರಿನವರು ಉಂಡಿದ್ದಾರೆಯೇ ನೋಡಿಕೊಳ್ಳಿ. ಹಸಿದವರು ಒಪ್ಪಿಕೊಂಡದ್ದು ಊಟದ ಮೇಲೆ ಬದಲಾಗುತ್ತದೆ. ಹಾಗಾಗಿ ಅಲ್ಲಿ ಮೊದಲು ಅವನಿಗೆ ಒಂದು ತಟ್ಟೆ ಚಿಪ್ಸ್ ತಿನ್ನಿಸಿ, ಆಮೇಲೆ ಎರಡನೆಯ ಕತೆ ಹೇಳಿದೆ. ಅವನು ಪೂರ್ತಿ ಕೇಳಿದ.

"ಅಂದ್ರ ನಾ ಇಪ್ಪತ್ತು ಮಂದಿ ಕರ್ಕೊಂಡು ಬರಬಹುದೇನು?" ಎಂದ. ಮುಖದಲ್ಲಿ ನಗು ತಿರುಗಿ ಬಂದಿತ್ತು.

"ಒಬ್ಬವ ಬಾ. ನಿನ್ನ ಕಾರು ತಗೊಂಡು ಬಾ. ಹಾಡಹಗಲ ಬಾ. ಯಾವಾಗ ಬರ್ತಿ ಅಂತ ಎರಡೂ ಗ್ರೂಪಿನ್ಯಾಗ ಮುಂಚೆನ ಹಾಕು. ನಮ್ ಅಧ್ಯಕ್ಷರು ಬೇಕಾರ ಬಂದು ಕುಂತು ನೋಡ್ಲಿ. ಗ್ಯಾರೇಜಿನ ಚಾವಿ ನನ್ ಹತ್ರಾನೂ ಇರೂದಿಲ್ಲ, ನಿನ್ ಹತ್ರಾನೂ ಇರೂದಿಲ್ಲ. ಅವ್ರಿಗೆ ಬಿಷಪ್ ಇದ್ರು, ನಮಗ ನಿಮ್ಮಕ್ಕ ಅದಾಳ. ಆಕೀ ಕೈಯಾಗ ಇರ್ಲಿ."

ಅವನು ಯೋಚಿಸಿದ. ಕೊನೆಗೆ ಒಂದೇ ಷರತ್ತು ಹಾಕಿದ.

"ಗ್ಯಾರೇಜಿನ ಬಾಗ್ಲಾ ತಗದಿರ್ಬೇಕು, ಮಾಮಾ. ಮುಚ್ಚಿದ ಬಾಗ್ಲದ ಮುಂದ ನಿಂತ್ರ ನಾ ಕಳ್ಳನ ಆಗ್ತೇನಿ. ತಗದಿಟ್ಟ ಬಾಗ್ಲದ ಮುಂದ ನಿಂತು, ಅದನ್ನ ನೋಡ್ಲಾರದ, ಅಕ್ಕನ್ನ ಕರ್ಕೊಂಡು ಹೋಗ್ತೇನಿ. ಅವಾಗ ಬಾಯಿ ಮುಚ್ತಾರ."

ಈ ಹುಡುಗನಿಗೆ ವ್ಯಾಪಾರ ಕಲಿಸಬೇಕಾಗಿತ್ತು, ಇಂಜಿನಿಯರ್ ಆಗಿ ಹಾಳಾದ ಎಂದುಕೊಂಡೆ. ಕೈ ಕುಲುಕಿದೆವು. ಚಿಪ್ಸಿನ ದುಡ್ಡು ಯಾರು ಕೊಡಬೇಕು ಎಂದು ಮಾತ್ರ ಸ್ವಲ್ಪ ಎಳೆದಾಟವಾಯಿತು.

ಶನಿವಾರ ಬಂತು. ಆಗಸ್ಟ್ ಬಿಸಿಲು, ಈ ದೇಶದವರು ಹಿತ್ತಿಲಲ್ಲಿ ಬೆತ್ತಲೆ ಬೆನ್ನು ಸುಟ್ಟುಕೊಳ್ಳುವಂಥ ದಿನ. ನನ್ನಾಕೆ ರೇಷ್ಮೆ ಸೀರೆ ಉಟ್ಟು, ಗ್ಯಾರೇಜಿನ ಚಾವಿಯನ್ನು ಸೆರಗಿಗೆ ಕಟ್ಟಿಕೊಂಡು ಕಿಟಕಿಯ ಹತ್ತಿರ ಕುಳಿತಳು. ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿಟ್ಟಿದ್ದೆ. ಹಂಡೆ ಬೀದಿಗೆಲ್ಲ ಕಾಣುವಂತೆ ಹೊಳೆಯುತ್ತಿತ್ತು. ಅಧ್ಯಕ್ಷರು ಏಣಿ ಬೇಕಾಗಿತ್ತು ಎಂದುಕೊಂಡು ಬಂದರು. ಏಣಿ ಕೊಟ್ಟೆ. ಅದನ್ನು ಗೋಡೆಗೆ ಒರಗಿಸಿ, "ಬಿಸಿಲು ಸ್ವಲ್ಪ ಇಳೀಲಿ ಸಾರ್," ಎಂದು ಸೋಫಾದ ಮೇಲೆ ಕುಳಿತರು.

ಕಾರಿನ ಸದ್ದಾಯಿತು. ನನ್ನಾಕೆ ಎದ್ದು ಒಳಗೆ ಹೋದಳು.

ಭಾವಮೈದುನ ಕಾರಿನಿಂದ ಇಳಿದ. ಮೊಣಕಾಲು ಮುಚ್ಚುವ ದಪ್ಪ ಉಣ್ಣೆಯ ಕೋಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಿದ್ದ. ಮೇಲೆ ಮಫ್ಲರ್. ಮುಖದಿಂದ ಬೆವರು ಹರಿಯುತ್ತಿತ್ತು. ಎರಡೂ ಕೈ ಮೇಲೆತ್ತಿ, ತೆರೆದ ಗ್ಯಾರೇಜಿನ ಮುಂದೆ ಮುಖ ಆಚೆ ತಿರುಗಿಸಿಕೊಂಡು ನಡೆದು ಬಂದ. ಎದುರು ಮನೆಯ ಇಂಗ್ಲಿಷ್ ಅಜ್ಜ ಹೂಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ ನೋಡುತ್ತಿದ್ದ.

"ಕೋಟು ಹಾಕ್ಕೊಂಡ ಬಂದೇನ್ರಿ ಅಧ್ಯಕ್ಷರ," ಎಂದ ಹೊಸಿಲಲ್ಲಿ. "ಎಚ್ಚರ ಆಗಬ್ಯಾಡ್ರಿ."

ಅಧ್ಯಕ್ಷರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಅಯ್ಯೋ, ಏನಿದು, ಕೂತ್ಕೊಳ್ಳಿ, ತಲೆ ಸುತ್ತು ಬರುತ್ತೆ," ಎಂದರು.

ನನ್ನಾಕೆ ಒಳಗಿನಿಂದ ಬಂದಳು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಹೇಳಬೇಕಾದ ಮಾತನ್ನು ಹೇಳಿದ, ಪ್ರತಿ ವರ್ಷದಂತೆ: "ಅಕ್ಕಾ, ಪಂಚಮಿಗೆ ಕರಿಯಾಕ ಬಂದೇನಿ." ಅವಳು ಅವನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಚಿಕ್ಕ ಮಗುವಿಗೆ ಬಿಚ್ಚುವ ಹಾಗೆ. ಮಫ್ಲರಿನಿಂದಲೇ ಅವನ ಮುಖ ಒರೆಸಿದಳು. "ಹುಚ್ಚ," ಎಂದಳು. "ಬಿಸಲಾಗ ಸಾಯ್ತಿ." ಆಮೇಲೆ ತನ್ನ ಕಣ್ಣನ್ನೂ ಅದರಲ್ಲೇ ಒರೆಸಿಕೊಂಡಳು.

ನೀರು ಮಜ್ಜಿಗೆ ಆದ ಮೇಲೆ ಅವಳು ಚೀಲ ಎತ್ತಿಕೊಂಡು ಹೊರಟಳು. ಆದರೆ ಕಾರಿನ ಕಡೆಗಲ್ಲ. ನೇರ ಗ್ಯಾರೇಜಿಗೆ ಹೋಗಿ ಹಂಡೆಯ ಒಂದು ಕಿವಿ ಹಿಡಿದುಕೊಂಡಳು.

"ತಮ್ಮಾ, ಹಿಡಿ ಆ ಕಡೆ."

ಭಾವಮೈದುನ ಕಲ್ಲಾಗಿ ನಿಂತ. "ಅಕ್ಕಾ, ಬ್ಯಾಡವಾ. ನಾ ಅದನ್ನ ಮುಟ್ಟಾಂಗಿಲ್ಲ."

"ಏನಮ್ಮಾ ಇದು?" ಅಧ್ಯಕ್ಷರು ಚಪ್ಪಲಿ ಹಾಕದೆ ಹೊರಗೆ ಓಡಿ ಬಂದರು.

"ಉಂಡಿ ಕಟ್ಟಾಕ್ರಿ," ಎಂದಳು ನನ್ನಾಕೆ, ಏನೂ ಆಗಿಲ್ಲವೆಂಬಂತೆ. "ನಿಮಗೂ ಕಳಸ್ಬೇಕು, ಅವ್ರಿಗೂ ಕಳಸ್ಬೇಕು. ಎರಡು ಸಂಘದ ಮಂದಿಗೆ ಆಗೂವಷ್ಟು ಹಿಟ್ಟು ಕಲಸಾಕ ತಮ್ಮನ ಅಡಗಿಮನ್ಯಾಗ ಭಾಂಡೆ ಇಲ್ಲ. ಒಂದ ಸಂಘ ಇದ್ದಾಗ ಆಗ್ತಿತ್ತು, ಎರಡಾಗಿ ಮನಿಮನಿಗೆ ಬ್ಯಾರೆ ಬ್ಯಾರೆ ಡಬ್ಬಿ ಕೊಡಬೇಕಾಗೇತಿ. ಚಾವಿ ನನ್ ಕೈಯಾಗ ಐತಿ. ಕೊಟ್ಟಾವ್ರು ಇವರ." ನನ್ನ ಕಡೆ ಕೈ ಮಾಡಿದಳು.

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಬೆಲೆ ಹೇಳಿದವನಂತೆ ಸುಮ್ಮನಿದ್ದೆ. ಈ ಸಲ ಉಪಾಯ ಗೆದ್ದಿತು.

"ವಾಪಸ್ ಬರುತ್ತೆ ತಾನೆ ಅಮ್ಮ?" ಎಂದರು ಮೆಲ್ಲಗೆ.

"ಬರದೇನ್ರಿ. ಖಾಲಿ ಬರೂದಿಲ್ಲ, ತುಂಬಿ ಬರ್ತೈತಿ. ಬರ್ರಿ, ಒಂದು ಕೈ ಹಚ್ಚರಿ. ನನ್ನ ತಮ್ಮ ಮುಟ್ಟೂದಿಲ್ಲಂತ."

ಹೀಗೆ ನಮ್ಮ ಕಡೆಯ ಸಂಘದ ಅಧ್ಯಕ್ಷರು ಬರಿಗಾಲಿನಲ್ಲಿ, ತಮ್ಮ ಕೈಯಿಂದಲೇ, ಹಂಡೆಯನ್ನು ಉತ್ತರ ಸಂಘದ ಕಾರ್ಯದರ್ಶಿಯ ಕಾರಿಗೆ ಏರಿಸಿದರು. ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಹಿಂದಿನ ಸೀಟಿನಲ್ಲಿ ಕೂರಿಸಬೇಕಾಯಿತು. ಕಾರು ಶುರುವಾದ ಕೂಡಲೆ ಕುಯ್ ಕುಯ್ ಎಂದು ಕೂಗಲು ಹತ್ತಿತು. ಯಾರೋ ದಪ್ಪನೆಯವರು ಬೆಲ್ಟ್ ಹಾಕಿಲ್ಲ ಎಂದು ಅದಕ್ಕೆ ಅನುಮಾನ. ಅಧ್ಯಕ್ಷರೇ ಬಗ್ಗಿ ಹಂಡೆಗೆ ಬೆಲ್ಟ್ ಹಾಕಿದರು. ಮುಂದಿನ ಸೀಟಿನಲ್ಲಿ ನನ್ನಾಕೆ, ತೊಡೆಯ ಮೇಲೆ ತಮ್ಮನ ಉಣ್ಣೆ ಕೋಟು. ಅವಳು ಹಿಂದೆ ತಿರುಗಿ ನೋಡಲಿಲ್ಲ. ತವರಿಗೆ ಹೋಗುವವರು ನೋಡುವುದಿಲ್ಲ.

ಅಧ್ಯಕ್ಷರು ಏಣಿಯನ್ನು ಮರೆತು ಹೋದರು. ನಾನು ಬರಿದಾದ ಗ್ಯಾರೇಜಿನ ಮುಂದೆ ನಿಂತಿದ್ದೆ. ಲಿಂಕನ್ ಕೋಟೆಯನ್ನು ಅಂದು ಹೆಂಗಸರ ಹೆಸರಿನಲ್ಲಿ ಗಂಡಸರು ಹೊಡೆದಿದ್ದರು. ನನ್ನ ಕೋಟೆಯನ್ನು ಹೊಡೆದವಳು ಹೆಂಡತಿಯೇ, ಅದೂ ಹಾಡಹಗಲಿನಲ್ಲಿ, ಕಾವಲಿಗೆ ಬಂದವರ ಕೈಯಿಂದಲೇ ಹೊರಿಸಿಕೊಂಡು. ಒಪ್ಪಂದದ ಒಂದು ಮಾತೂ ಮುರಿದಿರಲಿಲ್ಲ. ಇದನ್ನು ಕೇಳಿದ್ದರೆ ನಮ್ಮ ಅರ್ಲ್ ಅವಳನ್ನು ತನ್ನ ಸಲಹೆಗಾರ್ತಿಯನ್ನಾಗಿ ಇಟ್ಟುಕೊಳ್ಳುತ್ತಿದ್ದ.

ಸಂಘಗಳು ಇನ್ನೂ ಎರಡೇ ಇವೆ. ಒಂದಾಗುತ್ತವೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಆದರೆ ಹಂಡೆ ಈಗ ಪಂಚಮಿಗೆ ನನ್ನಾಕೆಯ ಜೊತೆ ತವರಿಗೆ ಹೋಗುತ್ತದೆ, ಬೆಲ್ಟ್ ಹಾಕಿಕೊಂಡು. ಶೇಂಗಾ ಉಂಡಿ, ಎಳ್ಳುಂಡಿ ತುಂಬಿಕೊಂಡು ತಿರುಗಿ ಬರುತ್ತದೆ. ಮೊದಲ ಡಬ್ಬಿ ಟೀಚರಮ್ಮನಿಗೆ. ಅವರು ಎಳ್ಳುಂಡಿಯನ್ನು ಚಾಕುವಿನಿಂದ ಕತ್ತರಿಸಲು ನೋಡುತ್ತಾರೆ. ಬೇಡ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ ಎಂದು ಹೇಳಿಕೊಟ್ಟಿದ್ದೇನೆ.

ಆ ಮೊದಲ ಶನಿವಾರ ಸಂಜೆ ಬಿಸಿಲಿರುವಾಗಲೇ ಸ್ಟಾಕ್‌ಪೋರ್ಟ್‌ನಿಂದ ಫೋನು ಬಂತು. ಊರು ಮುಟ್ಟಿದಿರಾ ಎಂದು ಕೇಳಿದೆ. ಫೋನನ್ನು ಯಾರೋ ಹಿತ್ತಿಲ ಕಡೆ ಹಿಡಿದಿದ್ದರು. ಕಿರ್ರ್, ಕಿರ್ರ್ ಎಂದು ಜೋಕಾಲಿಯ ಕಬ್ಬಿಣ ಅಳುವ ಸದ್ದು, ಅದರ ಮೇಲೆ ನನ್ನಾಕೆಯ ನಗು ದೂರ ಹೋಗಿ ಹತ್ತಿರ ಬರುತ್ತಿತ್ತು.

"ಕೇಳ್ತೈತೇನ್ರಿ ಮಾಮಾ? ನಿಮ್ಮ ಸ್ಟ್ಯಾಂಡ ಒದರಾಕತ್ತೈತಿ," ಎಂದ ಭಾವಮೈದುನ.

"ಶೇಂಗಾ ಎಣ್ಣಿ ಹಾಕು," ಎಂದೆ. "ಮಶೀನಿನ ಎಣ್ಣಿ ಹಾಕಬ್ಯಾಡ, ಆಕೀ ಸೀರಿಗೆ ಹತ್ತಿದ್ರ ಹೋಗೂದಿಲ್ಲ."